ಮಾಮನ ವಿಮಾನ

ಅಟ್ಟದಲ್ಲಿದ್ದ ನನ್ನ ತಮ್ಮನ ಆಟದ ವಿಮಾನವನ್ನು ಮಗಳು ಕೆಳಗಿಳಿಸಿದಳು. ತಮ್ಮ ಈಗಿಲ್ಲ. ವಿಮಾನ ಗಟ್ಟಿಯಾಗಿತ್ತು, ರಿಮೋಟು ಕೆಟ್ಟಿತ್ತು. "ಬೇರೆಯದು ತಂದರಾಯಿತು" ಎಂದೆ. "ಇಲ್ಲಮ್ಮ, ಒಂದೊಂದು ಕಂಪನಿಯದೂ ಒಂದೊಂದು ಭಾಷೆ" ಎಂದಳು.

1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ಪುಟ್ಟ ದೋಣಿ ನಡೆಸಿ ತೋರಿಸಿದಾಗ ಈ ತಕರಾರಿರಲಿಲ್ಲ. ಇದ್ದದ್ದೇ ಒಂದು ದೋಣಿ. 2000ರ ದಶಕದಲ್ಲಿ 2.4 ಗಿಗಾಹರ್ಟ್ಸ್ ರಿಮೋಟುಗಳು ಬಂದ ಮೇಲೆ ಕಂಪನಿಗೊಂದು ಸಂಕೇತವಾಯಿತು. ಹವ್ಯಾಸಿಗಳು ಅದಕ್ಕೂ ಉಪಾಯ ಕಂಡುಕೊಂಡರು. ಫ್ಲೈಸ್ಕೈಗೆ ಎ7105, ಫ್ರ್‌ಸ್ಕೈಗೆ ಸಿಸಿ2500, ಸ್ಪೆಕ್ಟ್ರಮ್‌ಗೆ ಸಿವೈಆರ್‌ಎಫ್6936, ಸಣ್ಣಪುಟ್ಟ ಆಟಿಕೆಗಳಿಗೆ ಎನ್‌ಆರ್‌ಎಫ್24ಎಲ್01 – ಈ ನಾಲ್ಕು ರೇಡಿಯೊ ಚಿಪ್ಪುಗಳನ್ನು ಒಂದೇ ಬೋರ್ಡಿನಲ್ಲಿ ಕೂರಿಸಿ, ರಿಮೋಟಿನ ಬೆನ್ನಿನ ಗೂಡಿಗೆ ಸಿಕ್ಕಿಸಿದರು.

ಮಾಮನ ವಿಮಾನಕ್ಕೆ ಒಂದು ಚಿಪ್ಪು ಸಾಕಿತ್ತು. ಅದನ್ನು ನಡೆಸಲು ಅಗ್ಗದ ಎಟಿಮೆಗಾ328 ಸಾಕಿತ್ತು. ಆದರೆ ಅದರಲ್ಲಿರುವುದು 32 ಕಿಲೋಬೈಟ್ ಜಾಗ. ಎಲ್ಲ ಭಾಷೆಯೂ ಹಿಡಿಸದು, ಆರಿಸಿ ತುಂಬಬೇಕು. ಎಸ್‌ಟಿಎಂ32ಎಫ್103ಸಿಬಿಯಲ್ಲಾದರೆ 128. ಟ್ರಂಕಿನಲ್ಲಿ ಜಾಗವಿಲ್ಲವೆಂದು ತೌರಿನಲ್ಲೇ ಬಿಟ್ಟುಬಂದ ನನ್ನ ಪುಸ್ತಕಗಳು ನೆನಪಾದವು. "ದೊಡ್ಡದನ್ನೇ ತಗೊಳ್ಳೇ, ನಾಲ್ಕೂ ಇರಲಿ" ಎಂದೆ.

ಒಂದು ಭಾನುವಾರ ಆಂಟೆನಾ ಸಿಕ್ಕಿಸಿ ಸ್ವಿಚ್ ಹಾಕಿದಳು. ಕಡ್ಡಿ ಅಲುಗಿಸಿದಾಗ ವಿಮಾನದ ಬಾಲ ಆಡಿತು. ತಮ್ಮನಿಗೆ ಓಗೊಡುತ್ತಿದ್ದದ್ದು ಮಗಳಿಗೂ ಓಗೊಟ್ಟಿತ್ತು.