2ಬಿ ಎಂದು ಬರೆದಿರುವುದರ ಹಿಂದೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ನಿಮ್ಮಲ್ಲಿ ಅನೇಕರು ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಹೋಗುತ್ತೀರಿ. ಮನೆ ರಾಜಾಜಿನಗರದಲ್ಲಿರಲಿ, ಕೆಂಗೇರಿಯಲ್ಲಿರಲಿ, ಅದರಲ್ಲಿ 'ಪ್ರವರ್ಗ 2ಬಿ' ಎಂದಿರುತ್ತದೆ. ಜೆರಾಕ್ಸ್ ಮಾಡಿಸಿ ಕಾಲೇಜಿಗೆ ಕೊಟ್ಟು ಮರೆಯುತ್ತೀರಿ. ಅದರ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ.

ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಅಹವಾಲು ಹೇಳಿಕೊಳ್ಳಲು ಜಾಗ ಸಿಕ್ಕಿತೇನೋ ನಿಜ, ಆದರೆ ಕಚೇರಿಯ ಹುದ್ದೆಗಳು ಇಂಗ್ಲಿಷ್ ಕಲಿತವರಿಗೇ ಹೋಗುತ್ತಿದ್ದವು; ಅವರಲ್ಲಿ ಬ್ರಾಹ್ಮಣರೇ ಹೆಚ್ಚು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅದರಲ್ಲಿ ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಒಟ್ಟಿಗೆ ಇದ್ದರು. ಮರುವರ್ಷ ಅವರೆಲ್ಲ ಸೇರಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಸಲ್ಲಿಸಿದರು.

ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ, ಅವರು ಹುದ್ದೆ ಬಿಟ್ಟರು. ಅರ್ಹತೆ ಕುಂದೀತೆಂಬ ಅವರ ಆತಂಕವನ್ನು ಲಘುವಾಗಿ ಕಾಣಬಾರದು. ಆದರೆ ಶಾಲೆಯೇ ಸಿಗದವನ ಅರ್ಹತೆಯನ್ನು ಅಳೆಯುವುದು ಹೇಗೆ? 1919ರ ವರದಿ ಅಳತೆಗೋಲಿಗೆ ಧರ್ಮವನ್ನು ಹಿಡಿಯಲಿಲ್ಲ, ವಿದ್ಯೆಯನ್ನು ಹಿಡಿಯಿತು. ಇಂಗ್ಲಿಷ್ ಬಲ್ಲವರು ಶೇ. 5ಕ್ಕಿಂತ ಕಡಿಮೆಯಿರುವ ಸಮುದಾಯ ಹಿಂದುಳಿದದ್ದು ಎಂದಿತು. ಮುಸ್ಲಿಮರು ಆ ಪಟ್ಟಿಗೆ ಬಂದದ್ದು ಹೀಗೆ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕೆಂದು ಸಮಿತಿ ಹೇಳಿತು. 1921ರಲ್ಲಿ ಆದೇಶವಾಯಿತು.

ಮುಂದೆ ಹಾವನೂರ್ ಆಯೋಗ, ಅರಸು ಅವರ 1977ರ ಆದೇಶ, 1995ರಿಂದ 2ಬಿಗೆ ಶೇ. 4. 2023ರ ಮಾರ್ಚಿನಲ್ಲಿ ಆಗಿನ ಸರ್ಕಾರ ಆ ನಾಲ್ಕನ್ನು ತೆಗೆದು ಒಕ್ಕಲಿಗರಿಗೆ ಎರಡು, ಲಿಂಗಾಯತರಿಗೆ ಎರಡು ಎಂದು ಹಂಚಿತು. 1918ರಲ್ಲಿ ಒಂದೇ ಮನವಿ ಹಿಡಿದು ನಿಂತವರ ಮೊಮ್ಮಕ್ಕಳು ಎದುರುಬದುರಾದಂತಾಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಸರ್ಕಾರವೇ ಹೇಳಬೇಕಾಯಿತು. ಕೋರ್ಟಿನಲ್ಲಿ ಎದ್ದ ಪ್ರಶ್ನೆಯೂ ಹಳೆಯದೇ: ಇದಕ್ಕೆ ಅಂಕಿಅಂಶ ಎಲ್ಲಿದೆ?

2025ರ ಸೆಪ್ಟೆಂಬರಿನಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಸಿತು. ಮನೆಮನೆಗೆ ಹೋದವರಲ್ಲಿ ನಮ್ಮಂಥ ಶಿಕ್ಷಕರೇ ಬಹಳ. ಉತ್ತರಿಸುವುದು ಕಡ್ಡಾಯವಲ್ಲ ಎಂದು ಹೈಕೋರ್ಟ್ ಹೇಳಿತ್ತು. ಬೆಂಗಳೂರಿನಲ್ಲಿ ಎಷ್ಟೋ ಮನೆಗಳು ಬಾಗಿಲು ತೆರೆಯಲಿಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಮನೆಯ ಪ್ರತಿಯೊಬ್ಬರೂ ಎಷ್ಟು ಓದಿದ್ದಾರೆಂಬ ಪ್ರಶ್ನೆಯೂ ಇತ್ತು.