ಇಂಗ್ಲೆಂಡಿನ ಕಾಲುವೆಗಳ ದೋಣಿಜನ: ದುಡಿಮೆಯಿಂದ ವಸಂತವಿಹಾರದವರೆಗೆ

ಚಳಿಗಾಲದ ದುರಸ್ತಿ ಕೆಲಸಗಳು ಮುಗಿದು ಈಸ್ಟರ್ ಹಬ್ಬ ಸಮೀಪಿಸುತ್ತಿದ್ದಂತೆ ಮಧ್ಯ ಇಂಗ್ಲೆಂಡಿನ ಕಾಲುವೆಗಳಲ್ಲಿ ವಿಹಾರದೋಣಿಗಳ ಸಂಚಾರ ಹೆಚ್ಚುತ್ತದೆ. ಮೇ ತಿಂಗಳಲ್ಲಿ ದಂಡೆಯ ಹಾಥಾರ್ನ್ ಬೇಲಿಗಳು ಬಿಳಿಯ ಹೂ ತಳೆಯುತ್ತವೆ. ಸುಮಾರು 7 ಅಡಿ ಅಗಲದ, ನೀಳವಾದ ‘ನ್ಯಾರೋಬೋಟ್’ಗಳು ಗಂಟೆಗೆ 4 ಮೈಲಿಯ ವೇಗಮಿತಿಯೊಳಗೆ, ಕಾಲ್ನಡಿಗೆಯ ಗತಿಯಲ್ಲಿ ಸಾಗುತ್ತವೆ. ಹಲವು ದೋಣಿಗಳ ಬಾಗಿಲುಗಳ ಮೇಲೆ ಗುಲಾಬಿಗಳನ್ನೂ ಕೋಟೆಗಳನ್ನೂ ಚಿತ್ರಿಸಿರುತ್ತಾರೆ. ಇಂದು ವಿರಾಮದ ಕುರುಹುಗಳಾಗಿ ತೋರುವ ಈ ಅಗಲ, ಗತಿ, ಚಿತ್ರ ಮೂರೂ ದುಡಿಮೆಯ ಬದುಕಿನಲ್ಲಿ ರೂಪುಗೊಂಡವು ಎಂಬುದು ಗಮನಾರ್ಹ.

1761ರಲ್ಲಿ ಬ್ರಿಜ್‌ವಾಟರ್ ಕಾಲುವೆಯು ವರ್ಸ್ಲಿಯ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ತಲುಪಿಸಿತು. ಅದರ ನಿರ್ಮಾಣದಲ್ಲಿ ತೊಡಗಿದ್ದ ಜೇಮ್ಸ್ ಬ್ರಿಂಡ್ಲಿ 1766ರಲ್ಲಿ ಟ್ರೆಂಟ್ ಮತ್ತು ಮರ್ಸಿ ಕಾಲುವೆಯನ್ನು ಆರಂಭಿಸಿದನು. ಅದು ಪೂರ್ಣಗೊಂಡದ್ದು ಅವನ ಮರಣಾನಂತರ, 1777ರಲ್ಲಿ. ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಎರಡೂ ತುದಿಗೆ ಬಾಗಿಲುಗಳುಳ್ಳ ‘ಲಾಕ್’ ಕಟ್ಟೆಗಳನ್ನು ಇಲ್ಲಿ ಸುಮಾರು 7 ಅಡಿ ಅಗಲಕ್ಕೆ ಸೀಮಿತಗೊಳಿಸಲಾಯಿತು. ಇದರಿಂದ ನೀರೂ ಹಣವೂ ಉಳಿದವು. ದೋಣಿಯ ಆಕಾರವೂ ನಿಶ್ಚಿತವಾಯಿತು. ದಂಡೆಯ ಮೇಲೆ ನಡೆಯುವ ಒಂದೇ ಕುದುರೆ ಸುಮಾರು 25 ಟನ್ ಸರಕನ್ನು ಎಳೆಯುತ್ತಿತ್ತು. ಕುದುರೆಗೆ ದಾರಿಯಿಲ್ಲದ ಸುರಂಗಗಳಲ್ಲಿ ಆಳುಗಳು ದೋಣಿಯಲ್ಲಿ ಮಲಗಿ ಗೋಡೆಯನ್ನು ಪಾದಗಳಿಂದ ಒತ್ತುತ್ತಾ ಅದನ್ನು ಮುಂದೆ ಸಾಗಿಸುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲಿನ ಪೈಪೋಟಿಯಿಂದ ಸಾಗಣೆಯ ದರ ಕುಸಿಯಿತು. ಕೂಲಿಯಾಳನ್ನು ಇಟ್ಟುಕೊಳ್ಳಲಾಗದ ಅನೇಕ ದೋಣಿಗಾರರು ಕುಟುಂಬಸಮೇತ ದೋಣಿಯಲ್ಲೇ ನೆಲೆಸಿದರು. ಸುಮಾರು 10 ಅಡಿ ಉದ್ದದ ಕೋಣೆಯೇ ಅಡುಗೆಮನೆ, ಮಲಗುವ ಮನೆ, ಬಾಣಂತಿಕೋಣೆ. ಹೆಂಡತಿ ಚುಕ್ಕಾಣಿ ಹಿಡಿದರೆ ಮಕ್ಕಳು ಕುದುರೆಯನ್ನು ನಡೆಸುತ್ತಿದ್ದರು. ಸಂಬಳ ಮಾತ್ರ ದೋಣಿಯ ಯಜಮಾನನ ಹೆಸರಿಗೆ ಸಲ್ಲುತ್ತಿತ್ತು. ಕಾಲುವೆ ಹೆಪ್ಪುಗಟ್ಟಿ ದೋಣಿ ನಿಂತರೆ ಗಳಿಕೆಯೂ ನಿಲ್ಲುತ್ತಿತ್ತು. ಆದುದರಿಂದ ಈ ಜನರಿಗೆ ವಸಂತವೆಂದರೆ ಮೊದಲಿಗೆ ಹೂವಲ್ಲ, ಮರಳಿ ದೊರೆಯುವ ಕೂಲಿ.

ದೋಣಿಜನರಲ್ಲಿ ಹೆಚ್ಚಿನವರಿಗೆ ಅಕ್ಷರಜ್ಞಾನವಿರಲಿಲ್ಲ. ಆದ್ದರಿಂದ ಅವರ ಚರಿತ್ರೆಯ ಬಹುಭಾಗ ಹೊರಗಿನವರ ಬರಹದಲ್ಲಿದೆ. ಸುಧಾರಕ ಜಾರ್ಜ್ ಸ್ಮಿತ್ 1875ರ ತನ್ನ ಕೃತಿಯಲ್ಲಿ ಅವರ ಕೋಣೆಗಳ ಇಕ್ಕಟ್ಟನ್ನೂ ಕೊಳಕನ್ನೂ ನೈತಿಕ ಪತನವೆಂಬಂತೆ ವರ್ಣಿಸಿದನು. ಅವನ ಚಳವಳಿಯ ಫಲವಾಗಿ 1877 ಮತ್ತು 1884ರ ಕಾಯಿದೆಗಳು ಬಂದು, ವಸತಿದೋಣಿಗಳ ನೋಂದಣಿ ಹಾಗೂ ತಪಾಸಣೆ ಜಾರಿಗೊಂಡವು. ಇದಕ್ಕೆ ವ್ಯತಿರಿಕ್ತವಾಗಿ ಎಲ್.ಟಿ.ಸಿ. ರೋಲ್ಟ್, 1939ರಲ್ಲಿ ‘ಕ್ರೆಸಿ’ ದೋಣಿಯಲ್ಲಿ ಹೊರಟ ತನ್ನ ಪ್ರವಾಸವನ್ನು ಆಧರಿಸಿ 1944ರಲ್ಲಿ ಪ್ರಕಟಿಸಿದ ‘ನ್ಯಾರೋ ಬೋಟ್’ ಕೃತಿಯಲ್ಲಿ, ಅವರನ್ನು ಅಳಿಯುತ್ತಿರುವ ಗ್ರಾಮೀಣ ಇಂಗ್ಲೆಂಡಿನ ವಾರಸುದಾರರಂತೆ ಕಂಡನು. ಒಬ್ಬನಿಗೆ ಅವರು ತಿದ್ದಬೇಕಾದವರು, ಇನ್ನೊಬ್ಬನಿಗೆ ಮೆಚ್ಚಬೇಕಾದವರು.

ಈ ಎರಡು ನೋಟಗಳ ನಡುವೆ ವಸ್ತುಸಂಸ್ಕೃತಿಯು ಮಹತ್ವದ ಆಕರವಾಗುತ್ತದೆ. ಹೂ ಬರೆದ ನೀರಿನ ತಗಡಿನ ಪಾತ್ರೆ, ಗೋಡೆಗೆ ತೂಗುಹಾಕಿದ ಅಲಂಕಾರದ ತಟ್ಟೆಗಳು, ಉಜ್ಜಿ ಹೊಳಪಿಸಿದ ಹಿತ್ತಾಳೆ, ಹೆಂಗಸರು ಹೆಣೆದ ಕ್ರೋಶ ಕಸೂತಿ ಇವು ಸ್ಮಿತ್‌ನ ಆರೋಪಕ್ಕೆ ಅಕ್ಷರವಿಲ್ಲದವರು ನೀಡಿದ ಉತ್ತರಗಳಂತಿವೆ. ಆದರೆ ಚಿತ್ರಗಳನ್ನು ಬರೆದವರಲ್ಲಿ ಅನೇಕರು ದೋಣಿಕಟ್ಟೆಯ ಕುಶಲಕರ್ಮಿಗಳಾಗಿದ್ದುದರಿಂದ, ಇದನ್ನು ಕೇವಲ ದೋಣಿಜನರ ಸ್ವಯಂಸ್ಫೂರ್ತ ಕಲೆಯೆನ್ನಲಾಗದು. ಕರ್ಮಿಯ ಕುಂಚ ಮತ್ತು ನಿವಾಸಿಯ ಅಭಿರುಚಿ ಸೇರಿ ಬೆಳೆಸಿದ ವೃತ್ತಿಜನಪದವೆಂದು ಪರಿಗಣಿಸುವುದು ಯುಕ್ತ.

ರೋಲ್ಟ್‌ನ ಕೃತಿಯ ಪ್ರೇರಣೆಯಿಂದ 1946ರಲ್ಲಿ ಒಳನಾಡು ಜಲಮಾರ್ಗಗಳ ಸಂಘ ಸ್ಥಾಪನೆಯಾಯಿತು. 1948ರಲ್ಲಿ ಹೆಚ್ಚಿನ ಕಾಲುವೆಗಳು ರಾಷ್ಟ್ರೀಕರಣಗೊಂಡವು. 1962-63ರ ಕಡುಚಳಿಯಲ್ಲಿ ದೀರ್ಘಕಾಲ ಹೆಪ್ಪುಗಟ್ಟಿದ ಕಾಲುವೆಗಳು ಮೊದಲೇ ಕ್ಷೀಣಿಸಿದ್ದ ಸಾಗಣೆಗೆ ಮಾರಕ ಪೆಟ್ಟು ಕೊಟ್ಟವು. ಆ ವರ್ಷದ ವಸಂತವು ಎಲ್ಲರಿಗೂ ಕೂಲಿಯನ್ನು ಮರಳಿ ತರಲಿಲ್ಲ. ಆಥರ್‌ಸ್ಟನ್ನಿನಿಂದ ಲಂಡನ್ನಿನ ಸೌತಾಲ್‌ನ ಜ್ಯಾಮ್ ಕಾರ್ಖಾನೆಗೆ ನಡೆಯುತ್ತಿದ್ದ ಕಲ್ಲಿದ್ದಲ ಸಾಗಣೆ 1970ರಲ್ಲಿ ನಿಂತಿತು. 1968ರ ಸಾರಿಗೆ ಕಾಯಿದೆ ಅನೇಕ ಕಾಲುವೆಗಳನ್ನು ವಿಹಾರಮಾರ್ಗಗಳೆಂದು ವರ್ಗೀಕರಿಸಿತ್ತು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗಗಳು ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ಉಸ್ತುವಾರಿಯಲ್ಲಿವೆ.

ವಿಹಾರವೇ ಈ ಕಾಲುವೆಗಳನ್ನು ಉಳಿಸಿತೆಂಬುದು ನಿರ್ವಿವಾದ. ಆದರೆ ಅದು ಉಳಿಸಿದ್ದು ಜಲಮಾರ್ಗವನ್ನು, ದೋಣಿಯ ಆಕಾರವನ್ನು, ಗುಲಾಬಿಯನ್ನು; ದೋಣಿಯಲ್ಲೇ ಹುಟ್ಟಿ ದುಡಿದ ಸಮುದಾಯವನ್ನಲ್ಲ. ವಸಂತಯಾನದ ಸೊಬಗನ್ನು ದಾಖಲಿಸುವ ಅಧ್ಯಯನವು ಆ ಸಂಬಳವಿಲ್ಲದ ಕೈಗಳನ್ನೂ ದಾಖಲಿಸಿದಾಗಲಷ್ಟೇ ಈ ಪರಂಪರೆಯ ಚರಿತ್ರೆ ಪೂರ್ಣವಾದೀತು.