ಕಿಡ್ನಿ ಯಂತ್ರದ ಕಥೆ: ಮರದ ಡ್ರಮ್ಮಿನಿಂದ ಸವಳು ನೀರಿನ ತನಕ

ಇವತ್ತಿನ ಎಪಿಸೋಡ್ ಒಂದು ಯಂತ್ರದ ಚರಿತ್ರೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಓಡಾಡಿದವರಿಗೆ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಗೊತ್ತಿರುತ್ತೆ. ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ಕಿಡ್ನಿ ಕೆಟ್ಟವರು ಡಯಾಲಿಸಿಸ್‌ಗೆ ಅಂತ ನಗರಕ್ಕೆ ಬರ್ತಾರೆ. ವಾರಕ್ಕೆ ಎರಡು-ಮೂರು ಸಲ, ಪ್ರತಿ ಸಲ ಸುಮಾರು 4 ತಾಸು. ಅವರ ಮಂಚದ ಪಕ್ಕ ನಿಂತಿರೋ ಆ ಯಂತ್ರ ಈ ರೂಪಕ್ಕೆ ಬಂದದ್ದು ಹೇಗೆ ಅಂತ ನಾನು ಓದ್ತಾ ಹೋದೆ. ಓದ್ತಾ ಓದ್ತಾ ನನಗೆ ಹಿಡಿದದ್ದು ರಕ್ತದ ಕಥೆಗಿಂತ ನೀರಿನ ಕಥೆ.

ಮೊದಲು ಯಂತ್ರ ಏನು ಮಾಡುತ್ತೆ ಅಂತ ನೋಡೋಣ. ತೆಳು ಪೊರೆಯ ಒಂದು ಕಡೆ ರಕ್ತ, ಇನ್ನೊಂದು ಕಡೆ ಉಪ್ಪಿನಂಶ ಬೆರೆಸಿದ ಶುದ್ಧ ನೀರು. ರಕ್ತದಲ್ಲಿರೋ ಯೂರಿಯಾದಂಥ ಕಲ್ಮಶ ಪೊರೆ ದಾಟಿ ನೀರಿಗೆ ಹೋಗುತ್ತೆ. ರಕ್ತಕಣ ದೊಡ್ಡದು, ಅದು ದಾಟಲ್ಲ. ತತ್ವ ಇಷ್ಟೇ. ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ ಇದಕ್ಕೆ 'ಡಯಾಲಿಸಿಸ್' ಅಂತ ಹೆಸರಿಟ್ಟದ್ದು 1861ರಲ್ಲಿ. ಆದ್ರೆ ಅದು ಮನುಷ್ಯರ ಜೀವ ಉಳಿಸೋಕೆ ಇನ್ನೂ 84 ವರ್ಷ ಬೇಕಾಯ್ತು.

1943. ನೆದರ್‌ಲ್ಯಾಂಡ್ಸ್ ಜರ್ಮನ್ನರ ವಶದಲ್ಲಿದೆ. ಕಾಂಪೆನ್ ಅನ್ನೋ ಸಣ್ಣ ಊರಿನ ಆಸ್ಪತ್ರೆಯಲ್ಲಿ ವಿಲ್ಲೆಮ್ ಕೋಲ್ಫ್ ಅನ್ನೋ ತರುಣ ವೈದ್ಯ. ಸಾಮಾನು ಸಿಗದ ಯುದ್ಧಕಾಲ. ಮಾಂಸದ ಸಾಸೇಜ್ ಸುತ್ತೋ ಸೆಲ್ಲೋಫೇನ್ ಕೊಳವೆಯನ್ನ ಮರದ ಪಟ್ಟಿಗಳ ಡ್ರಮ್ಮಿಗೆ ಸುತ್ತಿದ. ಡ್ರಮ್ಮಿನ ಕೆಳಭಾಗ ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿರುತ್ತೆ. ಡ್ರಮ್ ತಿರುಗಿದ ಹಾಗೆ ಕೊಳವೆಯೊಳಗಿನ ರಕ್ತ ನೀರಲ್ಲಿ ಮುಳುಗಿ ಏಳುತ್ತೆ. ಎರಡು ವರ್ಷದಲ್ಲಿ 16 ರೋಗಿಗಳ ಮೇಲೆ ಪ್ರಯತ್ನ ಆಯ್ತು. ಯಂತ್ರವೇ ಉಳಿಸಿತು ಅಂತ ಖಚಿತವಾಗಿ ಹೇಳೋಕೆ ಆಗಿದ್ದು 17ನೆಯವರ ವಿಷಯದಲ್ಲಿ: 1945ರಲ್ಲಿ, 67 ವರ್ಷದ ಒಬ್ಬ ಹೆಣ್ಣುಮಗಳು. ಯುದ್ಧ ಮುಗಿದ ಮೇಲೆ ಕೋಲ್ಫ್ ಪೇಟೆಂಟ್ ಹಿಂದೆ ಬೀಳಲಿಲ್ಲ. ತಾನು ಕಟ್ಟಿದ ಯಂತ್ರಗಳನ್ನ ಬೇರೆ ದೇಶದ ಆಸ್ಪತ್ರೆಗಳಿಗೆ ಸುಮ್ಮನೆ ಕೊಟ್ಟುಬಿಟ್ಟ.

ಆದ್ರೆ ಒಂದು ತೊಡಕಿತ್ತು. ಪ್ರತಿ ಸಲ ರಕ್ತನಾಳ ಕೊಯ್ಯಬೇಕು. ಕೆಲವೇ ಸಲಕ್ಕೆ ನಾಳಗಳು ಮುಗಿದುಹೋಗ್ತಿದ್ವು. ಹಾಗಾಗಿ ಕಿಡ್ನಿ ಶಾಶ್ವತವಾಗಿ ಕೆಟ್ಟವರಿಗೆ ಇದರಿಂದ ಉಪಯೋಗ ಇರಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನ ರೋಗಿಯ ತೋಳಿನಲ್ಲೇ ಬಿಡೋ ಉಪಾಯ ಮಾಡಿದ. ಬೇಕಾದಾಗ ಯಂತ್ರಕ್ಕೆ ಜೋಡಿಸೋದು, ಆಮೇಲೆ ಕಳಚೋದು. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್, ಮುಂದೆ 11 ವರ್ಷ ಬದುಕಿದ.

ಈಗ ಹೊಸ ಸಂಕಟ ಶುರುವಾಯ್ತು. ರೋಗಿಗಳು ನೂರಾರು, ಯಂತ್ರ ಬೆರಳೆಣಿಕೆ. ಸಿಯಾಟಲ್‌ನಲ್ಲಿ ಒಂದು ಸಮಿತಿ ಮಾಡಿದ್ರು. ಅದರಲ್ಲಿ ಹೆಚ್ಚಿನವರು ವೈದ್ಯರಲ್ಲ, ಊರಿನ ಸಾಮಾನ್ಯ ನಾಗರಿಕರು. ಸಂಸಾರ, ಸಂಪಾದನೆ, ಸಮಾಜದಲ್ಲಿ ಹೆಸರು ಎಲ್ಲ ನೋಡಿ ಯಾರಿಗೆ ಮಂಚ, ಯಾರಿಗೆ ಇಲ್ಲ ಅಂತ ಅವರು ತೀರ್ಮಾನ ಮಾಡೋದು. 1962ರಲ್ಲಿ ಲೈಫ್ ಪತ್ರಿಕೆ ಇದನ್ನ ಬರೆದಾಗ ಅಮೆರಿಕ ಬೆಚ್ಚಿಬಿತ್ತು.

ನನ್ನ ಪ್ರಕಾರ ಯಂತ್ರದ ವಿನ್ಯಾಸ ನಿಜವಾಗಿ ತಿರುಗಿದ್ದು ಇಲ್ಲಿ. 1964ರಲ್ಲಿ ಆ ವ್ಯವಸ್ಥೆಯಲ್ಲಿ ಜಾಗ ಸಿಗದೇ ಹೋದವಳು ಹೈಸ್ಕೂಲಿನ ಒಬ್ಬ ಹುಡುಗಿ. ಅವಳಿಗೋಸ್ಕರ ಲೆಸ್ ಬ್ಯಾಬ್ ಅನ್ನೋ ಪರಮಾಣು ಎಂಜಿನಿಯರಿಂಗ್ ಪ್ರೊಫೆಸರ್ ತನ್ನ ತಂಡದ ಜೊತೆ ಕೆಲವೇ ತಿಂಗಳಲ್ಲಿ ಮನೆಯಲ್ಲಿಡೋ ಯಂತ್ರ ಕಟ್ಟಿದ. ಅಲ್ಲಿವರೆಗೆ ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿ, ಕೈಯಿಂದ ಉಪ್ಪು ಬೆರೆಸೋರು. ನಿಂತ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯೋದು. ಬ್ಯಾಬ್ ತಂಡದ ಯಂತ್ರ ಗಟ್ಟಿ ದ್ರಾವಣವನ್ನ ಹರಿಯೋ ನೀರಿಗೆ ತಾನೇ ಅಳತೆಯಲ್ಲಿ ಬೆರೆಸ್ತಿತ್ತು, ಬಿಸಿಯೋ ಉಪ್ಪೋ ಹೆಚ್ಚುಕಮ್ಮಿ ಆದ್ರೆ ಅಲಾರಂ ಹೊಡೀತಿತ್ತು. ಇವತ್ತು ನಮ್ಮ ಆಸ್ಪತ್ರೆಗಳಲ್ಲಿರೋ ಯಂತ್ರಗಳು ಕೆಲಸ ಮಾಡೋದೂ ಇದೇ ದಾರಿಯಲ್ಲಿ.

ಈಗ ನಮ್ಮೂರಿನ ನೀರಿಗೆ ಬರೋಣ. ಯಂತ್ರದಲ್ಲಿ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ನೀರು ಹರಿಯುತ್ತೆ. 4 ತಾಸಿಗೆ 120 ಲೀಟರ್. ವಾರಕ್ಕೆ ಮೂರು ಸಲ ಅಂದ್ರೆ 360 ಲೀಟರ್. ನಾವು ಕುಡಿಯೋ ನೀರಿನಲ್ಲಿ ಕೆಟ್ಟದ್ದೇನಾದ್ರೂ ಇದ್ರೆ ತಡೆಯೋಕೆ ಕರುಳಿದೆ, ಕಿಡ್ನಿ ಇದೆ. ಇವರಿಗೆ ಮಧ್ಯೆ ಇರೋದು ಒಂದು ತೆಳು ಪೊರೆ ಮಾತ್ರ. ಗಡಸು ನೀರಿನ ಕ್ಯಾಲ್ಸಿಯಂ ರಕ್ತಕ್ಕೆ ಸೇರಿದ್ರೆ ವಾಂತಿ, ತಲೆನೋವು, ಬಿಪಿ ಏರಿಕೆ. 1970ರ ದಶಕದಲ್ಲಿ ಕೆಲವು ಊರುಗಳ ಡಯಾಲಿಸಿಸ್ ರೋಗಿಗಳಿಗೆ ಮಾತು ತೊದಲೋಕೆ, ಮರೆವು ಬರೋಕೆ ಶುರುವಾಯ್ತು. ಕಾರಣ ಹುಡುಕಿದ್ರೆ ಅಲ್ಯೂಮಿನಿಯಂ. ನಗರದ ನೀರನ್ನ ತಿಳಿ ಮಾಡೋಕೆ ಹಾಕೋ ಆಲಂನಿಂದಲೂ ಅದು ಬರ್ತಿತ್ತು. ಆಮೇಲೆ ಆರ್‌ಓ ಘಟಕ ಇಲ್ಲದೆ ಡಯಾಲಿಸಿಸ್ ಇಲ್ಲ ಅನ್ನೋ ಹಾಗಾಯ್ತು. ಆದ್ರೂ 1996ರಲ್ಲಿ ಬ್ರೆಜಿಲ್‌ನ ಕರುವಾರು ಊರಲ್ಲಿ, ಕೆರೆಪಾಚಿಯ ವಿಷ ಸೇರಿದ ಟ್ಯಾಂಕರ್ ನೀರಿನಿಂದ ಒಂದೇ ಕೇಂದ್ರದ 50ಕ್ಕೂ ಹೆಚ್ಚು ರೋಗಿಗಳು ಸತ್ತರು.

ವಿಜಯಪುರದವರಿಗೆ ನೀರಿನ ಬಗ್ಗೆ ಹೇಳಿಕೊಡಬೇಕಿಲ್ಲ. ಆದಿಲ್‌ಶಾಹಿಗಳು 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದ್ದು ಒಣ ಸೀಮೆಯ ಈ ದೊಡ್ಡ ಊರಿಗೆ ನೀರು ಕೊಡೋಕೆ. ಬೋರ್‌ವೆಲ್ಲಿನ ಸವಳು ನೀರು ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಪದರು ಕಟ್ಟೋದನ್ನ ನೀವೂ ನೋಡಿರ್ತೀರಿ. ಇಂಥ ನೀರು ಆರ್‌ಓ ಪೊರೆಯನ್ನ ಬೇಗ ತಿನ್ನುತ್ತೆ, ಶುದ್ಧ ಮಾಡುವಾಗ ಒಂದಷ್ಟು ನೀರು ಮೋರಿಗೂ ಹೋಗುತ್ತೆ. ಅಂದ್ರೆ 120 ಲೀಟರ್ ಬೇಕಾದ್ರೆ ಅದಕ್ಕಿಂತ ಬಹಳ ಜಾಸ್ತಿ ಎತ್ತಬೇಕು.

ಕಡಿಮೆ ನೀರಿನ ಯಂತ್ರ ಸಾಧ್ಯವೇ ಇಲ್ವಾ? 1973ರಲ್ಲೇ ರೆಡಿ ಅನ್ನೋ ಯಂತ್ರ ಬಂದಿತ್ತು. ಬಳಸಿದ ದ್ರಾವಣವನ್ನೇ ರಾಸಾಯನಿಕ ಡಬ್ಬಿಯ ಮೂಲಕ ಸೋಸಿ ಮತ್ತೆ ಬಳಸೋದು. ಸುಮಾರು 6 ಲೀಟರ್ ಸಾಕು. ಡಬ್ಬಿ ದುಬಾರಿ. ನಗರದ ಆಸ್ಪತ್ರೆಗಳಲ್ಲಿ ಆರ್‌ಓ ಅಗ್ಗವಾದ ಮೇಲೆ 1990ರ ದಶಕದಲ್ಲಿ ಅದು ಮೂಲೆಗೆ ಸೇರ್ತು.

2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆ ಆಯ್ತು. ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು, ಒಂದು ಸಲಕ್ಕೆ ಸುಮಾರು 2,000 ರೂಪಾಯಿ ಅಂತ ಅವತ್ತಿನ ಭಾಷಣ ಲೆಕ್ಕ ಕೊಟ್ಟಿತು. ದೂರದ ಪ್ರಯಾಣ, ಕಳೆದುಹೋಗೋ ಕೂಲಿಯನ್ನೂ ಹೆಸರಿಸಿತು. ಬಡವರಿಗೆ ಉಚಿತ ಡಯಾಲಿಸಿಸ್ ಬಂತು. ಬಸ್ಸಿನ ದಾರಿ ಹಾಗೇ ಉಳಿಯಿತು. 2025ರಲ್ಲಿ ಬೆಂಗಳೂರಿನ ರೆನಾಲಿಕ್ಸ್ ಕಂಪನಿ ದೇಶೀ ಯಂತ್ರ ಬಿಡುಗಡೆ ಮಾಡ್ತು. ದೂರದಲ್ಲಿರೋ ವೈದ್ಯರು ಇಂಟರ್ನೆಟ್ ಮೂಲಕ ರೋಗಿಯ ಮೇಲೆ ನಿಗಾ ಇಡಬಹುದು, ಸಣ್ಣ ಊರಿನಲ್ಲೂ ಕೇಂದ್ರ ನಡೆಸಬಹುದು ಅನ್ನೋದು ಅದರ ಹಿಂದಿನ ಯೋಚನೆ. ಒಳ್ಳೆಯ ಯೋಚನೆ. ಆದ್ರೆ ತಿಕೋಟಾದಂಥ ಊರಿನಲ್ಲಿ ನಿಲ್ಲೋ ಯಂತ್ರವನ್ನ ನಾನು ಅಳೆಯೋದು ಸ್ಕ್ರೀನ್ ನೋಡಿ ಅಲ್ಲ. ಸವಳು ನೀರಿಗೆ ಅದು ತಾಳುತ್ತಾ? ಕರೆಂಟ್ ಹೋದಾಗ ರಕ್ತವನ್ನ ರೋಗಿಗೆ ಸುರಕ್ಷಿತವಾಗಿ ಹಿಂತಿರುಗಿಸುತ್ತಾ? ಕೆಟ್ಟರೆ ಸಂಜೆಯೊಳಗೆ ರಿಪೇರಿಗೆ ಜನ ಬರ್ತಾರಾ?

ಸಿಯಾಟಲ್‌ನಲ್ಲಿ ಯಾರು ಬದುಕಬೇಕು ಅಂತ ಸಮಿತಿ ಕೂತು ಆರಿಸ್ತು. ನಮ್ಮಲ್ಲಿ ಸಮಿತಿ ಇಲ್ಲ. ನೀರು, ದೂರ, ದಿನದ ಕೂಲಿ ಸೇರಿ ಸದ್ದಿಲ್ಲದೆ ಅದೇ ಕೆಲಸ ಮಾಡ್ತಿವೆ. ಮುಂದಿನ ಯಂತ್ರ ಕಟ್ಟೋರು ನಮ್ಮ ಕೇಳುಗರಲ್ಲೇ ಯಾರಾದ್ರೂ ಇದ್ರೆ, ಮೊದಲು ಈ ಸೀಮೆಯ ಒಂದು ಕೊಡ ನೀರು ಪರೀಕ್ಷೆ ಮಾಡಿಸಿ ಕೆಲಸ ಶುರು ಮಾಡಿ. ಮುಂದಿನ ವಾರ ಮತ್ತೆ ಸಿಗೋಣ.